ಕಾಲನ್ನು ಕಸಿಯುವ ಕಾಳು

ಮಾಗಿಯ ಒಂದು ಮುಂಜಾನೆ ವಿಜಯಪುರದ ಸಮೀಪದ ಭೂತನಾಳದ ಕಡೆಗೆ ನಾವೆಲ್ಲರೂ ನಡೆದು ಹೊರಟೆವೆಂದು ಭಾವಿಸೋಣ. ಸುತ್ತಲೂ ಹಬ್ಬಿರುವ ಎರೆಭೂಮಿಯಲ್ಲಿ ಬಿಳಿಜೋಳ ಎತ್ತರಕ್ಕೆ ಬೆಳೆದು ನಿಂತಿರುತ್ತದೆ. ಅದರ ಮಗ್ಗುಲಿಗೆ ಕಡಲೆಯ ಗಿಡಗಳು ಇಬ್ಬನಿಯಲ್ಲಿ ತೊಯ್ದಿರುತ್ತವೆ. ಆ ಗಿಡದ ತುದಿಯನ್ನು ಮುಟ್ಟಿದ ಬೆರಳನ್ನು ನಾಲಗೆಗೆ ತಾಕಿಸಿದರೆ ಚುರುಕಾದ ಹುಳಿ ತಿಳಿದುಬರುತ್ತದೆ. ಹಿಂದಿನ ರೈತರು ರಾತ್ರಿಯ ವೇಳೆ ಕಡಲೆಯ ಹೊಲದ ಮೇಲೆ ತೆಳುವಾದ ಬಟ್ಟೆಯನ್ನು ಹಾಸಿ, ಬೆಳಿಗ್ಗೆ ಅದನ್ನು ಹಿಂಡಿ, ಈ ಹುಳಿಯನ್ನು ಶೇಖರಿಸಿಟ್ಟುಕೊಂಡು ಅಜೀರ್ಣಕ್ಕೆ ಮದ್ದಾಗಿ ಬಳಸುತ್ತಿದ್ದುದುಂಟು. ಕಡಲೆಯ ಎಲೆಗಳ ಮೇಲಿರುವ ಸೂಕ್ಷ್ಮವಾದ ರೋಮಗಳು ಒಸರುವ ಮ್ಯಾಲಿಕ್ ಆಮ್ಲ ಮತ್ತು ಆಕ್ಸಾಲಿಕ್ ಆಮ್ಲಗಳೇ ಈ ಹುಳಿಗೆ ಕಾರಣ.

ಇವೆರಡರಲ್ಲಿ ಆಕ್ಸಾಲಿಕ್ ಆಮ್ಲದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಕಡಲೆಯ ಕುಲಕ್ಕೇ ಸೇರಿದ ಇನ್ನೊಂದು ದ್ವಿದಳ ಸಸ್ಯವು ಇದೇ ಆಮ್ಲವನ್ನು ಒಂದು ಅಮೈನೋ ಆಮ್ಲದೊಡನೆ ಬೆಸೆದು ತನ್ನ ಕಾಳಿನಲ್ಲಿ ಕೂಡಿಡುತ್ತದೆ. ಆ ಬೆಸುಗೆಯಿಂದ ಹುಟ್ಟಿದ ವಸ್ತು ನಮ್ಮ ದೇಶದಲ್ಲಿಯೂ ಹೊರಗೂ ಸಾವಿರಾರು ಜನರನ್ನು ಬಾಳಿನುದ್ದಕ್ಕೂ ಕುಂಟರನ್ನಾಗಿ ಮಾಡಿದೆ. ಆ ಸಸ್ಯವೇ ಕೇಸರಿ ಬೇಳೆಯ ಗಿಡ. ಹಿಂದಿಯಲ್ಲಿ ಇದನ್ನು ಖೇಸಾರಿ ಎಂತಲೂ ಮರಾಠಿಯಲ್ಲಿ ಲಾಖ್ ಎಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟಿರುವ ಹೆಸರು ಲ್ಯಾಥಿರಸ್ ಸಟೈವಸ್. ಹೆಸರಿನಲ್ಲಿ ಕೇಸರಿಯಿದ್ದರೂ ಹಾಲಿಗೆ ಹಾಕುವ ಕುಂಕುಮಕೇಸರಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದರ ವಿಷ ಯಾವುದೆಂಬುದನ್ನು ಮೊದಲು ಬಿಡಿಸಿ ತೋರಿಸಿದ ಪ್ರಯೋಗಶಾಲೆಗಳಲ್ಲಿ ಒಂದು ಬೆಂಗಳೂರಿನದೆಂಬುದು ಕನ್ನಡಿಗರಾದ ನಾವು ತಿಳಿದಿರಬೇಕಾದ ಸಂಗತಿ.

ಬರಗಾಲದ ಬೆಳೆ

ಕೇಸರಿ ಬೇಳೆಯ ಗಿಡ ಬಹಳ ಗಟ್ಟಿಯಾದುದು. ಮಳೆ ಕೈಕೊಟ್ಟರೂ ಅದು ಬಾಡುವುದಿಲ್ಲ. ಹೊಲದಲ್ಲಿ ನೀರು ನಿಂತರೂ ಕೊಳೆಯುವುದಿಲ್ಲ. ಗೊಬ್ಬರವನ್ನು ಬೇಡುವುದಿಲ್ಲ. ಭತ್ತದ ಕೊಯ್ಲಿಗೆ ಮೊದಲೇ ಗದ್ದೆಯ ಹಸಿಯಲ್ಲಿ ಬೀಜವನ್ನು ಎರಚಿಬಿಟ್ಟರೆ ಉಳುಮೆಯಿಲ್ಲದೆಯೇ ಬೆಳೆ ಬರುತ್ತದೆ. ಕಾಳಿನಲ್ಲಿ ಪ್ರೋಟೀನಿನ ಅಂಶ ನೂರಕ್ಕೆ ೨೫ರಿಂದ ೩೦ರಷ್ಟಿದೆ; ಎಂದರೆ ತೊಗರಿ, ಕಡಲೆಗಳಿಗಿಂತ ಕಡಮೆಯೇನೂ ಅಲ್ಲ. ಇಷ್ಟೆಲ್ಲ ಗುಣಗಳಿರುವ ಬೆಳೆಯನ್ನು ಬಡವನು ಏಕೆ ಬಿಟ್ಟಾನು? ಮಧ್ಯಪ್ರದೇಶ, ಛತ್ತೀಸಗಡ, ಬಿಹಾರ, ಬಂಗಾಳ ಮತ್ತು ಮಹಾರಾಷ್ಟ್ರದ ವಿದರ್ಭ ಪ್ರಾಂತಗಳಲ್ಲಿ ಇದು ತಲೆಮಾರುಗಳಿಂದ ಬೆಳೆದುಕೊಂಡು ಬಂದಿದೆ.

ಬರದ ವರ್ಷದಲ್ಲಿ ಮಿಕ್ಕ ಬೆಳೆಗಳೆಲ್ಲ ನಾಶವಾದಾಗ ಹೊಲದಲ್ಲಿ ಇದೊಂದೇ ಹಸಿರಾಗಿ ಉಳಿಯುತ್ತದೆ. ಆಗ ರೊಟ್ಟಿಗೂ ಇದೇ, ಬೇಳೆಗೂ ಇದೇ. ಹೀಗೆ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ರೋಗ ತಲೆದೋರುತ್ತದೆ. ಆಳು ಸಂಜೆ ಹೊಲದಿಂದ ಹಿಂದಿರುಗುವಾಗ ಕಾಲು ಭಾರವೆನ್ನುತ್ತಾನೆ. ಮೀನಖಂಡದ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಮುಂದೆ ಹಿಮ್ಮಡಿ ನೆಲಕ್ಕೆ ಊರದೆ ತುದಿಗಾಲಿನಲ್ಲಿ, ಒಂದು ಕಾಲಿಗೆ ಇನ್ನೊಂದು ಕಾಲು ಕತ್ತರಿಯಂತೆ ಅಡ್ಡವಾಗುತ್ತ, ನಡೆಯಬೇಕಾಗುತ್ತದೆ. ವೈದ್ಯರು ಈ ರೋಗದ ಹಂತಗಳನ್ನು ಕೋಲಿನಿಂದಲೇ ಎಣಿಸುತ್ತಾರೆ: ಕೋಲಿಲ್ಲದೆ ನಡೆಯುವವರು, ಒಂದು ಕೋಲಿನವರು, ಎರಡು ಕೋಲಿನವರು, ಕೊನೆಗೆ ಕೈಗಳನ್ನೂರಿ ತೆವಳುವವರು. ಬುದ್ಧಿ ಮಂಕಾಗುವುದಿಲ್ಲ, ಆಯುಸ್ಸೂ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಹೋದ ಕಾಲು ಮತ್ತೆ ಬರುವುದಿಲ್ಲ. ರೋಗಕ್ಕೆ ತುತ್ತಾಗುವವರಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚು. ಇದಕ್ಕೆ ನ್ಯೂರೋಲ್ಯಾಥಿರಿಸಂ ಎಂದು ಹೆಸರು.

ಇದು ಹೊಸ ರೋಗವಲ್ಲ. ಮೂರು ಮೂಲೆಯ ಕಾಳಾದುದರಿಂದ ಸಂಸ್ಕೃತದಲ್ಲಿ ಇದಕ್ಕೆ ತ್ರಿಪುಟವೆಂದು ಹೆಸರು. ಇದು ಮನುಷ್ಯನನ್ನು ಕುಂಟನನ್ನಾಗಿಸುತ್ತದೆಂಬ ಮಾತು ೧೬ನೆಯ ಶತಮಾನದ ವೈದ್ಯಗ್ರಂಥವಾದ ಭಾವಪ್ರಕಾಶದಲ್ಲಿದೆ. ಜರ್ಮನಿಯ ವ್ಯೂರ್ಟೆಂಬರ್ಗ್ ಸಂಸ್ಥಾನದಲ್ಲಿ ಇದರ ಹಿಟ್ಟನ್ನು ರೊಟ್ಟಿಗೆ ಬೆರೆಸಕೂಡದೆಂದು ೧೬೭೧ರಲ್ಲಿಯೇ ಆಜ್ಞೆಯಾಯಿತು. ೧೮೨೯ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಆನೆಕಲ್ಲು ಮಳೆಯಿಂದಲೂ ಅನಾವೃಷ್ಟಿಯಿಂದಲೂ ಗೋಧಿ ಕೆಟ್ಟು, ಸಾಗರ ಪ್ರಾಂತದ ಜನ ಈ ಕಾಳನ್ನೇ ತಿಂದು ಕುಂಟರಾದುದನ್ನು ಸ್ಲೀಮನ್ ಎಂಬ ಆಂಗ್ಲ ಅಧಿಕಾರಿ ಬರೆದಿಟ್ಟಿದ್ದಾನೆ. ಈ ಸಾಗರ ನಮ್ಮ ಮಲೆನಾಡಿನದಲ್ಲ, ಮಧ್ಯಪ್ರದೇಶದ್ದು. ಅಲ್ಲಿಯದೇ ರೇವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯನ್ನೇ ಈ ಕಾಳಿನ ರೂಪದಲ್ಲಿ ಅಳೆದುಕೊಡುತ್ತಿದ್ದರು. ಬರ ಬಾರದ ವರ್ಷದಲ್ಲಿಯೂ ಅವರ ಪಾಲಿಗೆ ಬರವೇ.

ಎಲ್ಲಕ್ಕಿಂತ ಕ್ರೂರವಾದ ಸಾಕ್ಷ್ಯ ಎರಡನೆಯ ಮಹಾಯುದ್ಧದ ಕಾಲದ್ದು. ಇಂದು ಉಕ್ರೇನಿಗೆ ಸೇರಿರುವ ವಾಪ್ನಿಯಾರ್ಕ ಎಂಬಲ್ಲಿಯ ಸೆರೆಶಿಬಿರದಲ್ಲಿ ಕೂಡಿಹಾಕಿದ್ದ ಯೆಹೂದ್ಯರಿಗೆ ೧೯೪೨ರ ಕೊನೆಯ ಭಾಗದಿಂದ ದಿನಕ್ಕೆ ಸುಮಾರು ೪೦೦ ಗ್ರಾಂ ಈ ಕಾಳನ್ನು ಬೇಯಿಸಿ ಕೊಡಲಾಯಿತು. ಕೆಲವೇ ವಾರಗಳಲ್ಲಿ ನೂರಾರು ಜನರ ಕಾಲುಗಳು ಸೆಟೆದುವು. ಕೈದಿಗಳಲ್ಲೊಬ್ಬನಾಗಿದ್ದ ಡಾಕ್ಟರ್ ಆರ್ಥರ್ ಕೆಸ್ಲರ್ ಕಾರಣವನ್ನು ಊಹಿಸಿ, ಆ ಆಹಾರವನ್ನು ನಿಲ್ಲಿಸಬೇಕೆಂದು ಹೋರಾಡಿದನು.

ತಪ್ಪು ದಾರಿಗಳು

ಕಾಳು ವಿಷವೆಂದು ಜನ ಬಲ್ಲವರಾಗಿದ್ದರು. ಆದರೆ ಕಾಳಿನಲ್ಲಿರುವ ಯಾವ ವಸ್ತು ವಿಷ? ಈ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. ಅದಕ್ಕೆ ಕಾರಣಗಳು ಮುಖ್ಯವಾಗಿ ಎರಡು.

ಮೊದಲನೆಯದಾಗಿ, ಈ ಕಾಳನ್ನು ತಿನ್ನಿಸಿದ ಪ್ರಾಣಿಗಳಿಗೆ ಮನುಷ್ಯನಿಗೆ ಬರುವ ರೋಗ ಬರುತ್ತಿರಲಿಲ್ಲ. ಇಲಿಗಳಿಗೆ ಇದೇ ಜಾತಿಯ, ಹೂದೋಟದಲ್ಲಿ ಬೆಳೆಸುವ ಇನ್ನೊಂದು ಬಟಾಣಿಯನ್ನು ತಿನ್ನಿಸಿದಾಗ ಅವುಗಳ ಬೆನ್ನುಮೂಳೆ ಡೊಂಕಾಯಿತು. ಅದೇ ಇದೆಂದು ಹಲವರು ಭ್ರಮಿಸಿದರು. ಆದರೆ ಅಲ್ಲಿ ಕೆಡುತ್ತಿದ್ದುದು ಮೂಳೆ, ಇಲ್ಲಿ ಕೆಡುವುದು ನರ. ರೋಗವೂ ಬೇರೆ, ವಿಷವೂ ಬೇರೆ. ಎರಡನೆಯದಾಗಿ, ಕೇಸರಿಯ ಹೊಲದಲ್ಲಿ ಕಳೆಯಾಗಿ ಬೆಳೆಯುವ ವೆಚ್ ಎಂಬ ಇನ್ನೊಂದು ಸಸ್ಯದ ಬೀಜ ಕಾಳಿನೊಡನೆ ಬೆರೆತಿರುತ್ತಿತ್ತು. ನಿಜವಾದ ಅಪರಾಧಿ ಈ ಕಳೆಯೇ ಎಂದು ೧೯೨೫ರಲ್ಲಿ ಆಂಡರ್ಸನ್, ಹೊವಾರ್ಡ್ ಮತ್ತು ಸೈಮನ್‌ಸನ್ ಎಂಬ ವಿಜ್ಞಾನಿಗಳು ವಾದಿಸಿದರು. ಈ ವಾದ ಬಹುಕಾಲ ಮನ್ನಣೆ ಪಡೆಯಿತು.

ಬೆಂಗಳೂರಿನ ಶೋಧ

ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗದಲ್ಲಿ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ ಮತ್ತು ಪಿ. ಎಸ್. ಶರ್ಮ ಎಂಬ ಮೂವರು ಈ ಕಾಳನ್ನೇ ಹಿಡಿದು ಕುಳಿತರು. ಕಾಳಿನ ಹಿಟ್ಟಿನಿಂದ ನೀರು ಬೆರೆತ ಮದ್ಯಸಾರದ ಮೂಲಕ ಕರಗುವ ವಸ್ತುಗಳನ್ನು ಹೊರತೆಗೆದು, ಆ ದ್ರಾವಣವನ್ನು ಅಯಾನುಗಳನ್ನು ಹಿಡಿದಿಡುವ ರಾಳದ ಮೂಲಕ ಹಾಯಿಸಿದರು. ಆಮ್ಲಗುಣ, ಕ್ಷಾರಗುಣಗಳಿಗೆ ಅನುಸಾರವಾಗಿ ಅಮೈನೋ ಆಮ್ಲಗಳು ಒಂದೊಂದಾಗಿ ಬೇರ್ಪಟ್ಟು ಬರುತ್ತವೆ. ಅವುಗಳಲ್ಲಿ ಪ್ರಬಲವಾದ ಆಮ್ಲಗುಣವುಳ್ಳ, ಅದುವರೆಗೆ ಯಾರೂ ಕಂಡಿರದ ಒಂದು ಅಮೈನೋ ಆಮ್ಲ ದೊರೆಯಿತು.

ಅದನ್ನು ಆಮ್ಲದಲ್ಲಿ ಕಾಯಿಸಿ ಒಡೆದಾಗ ಎರಡು ತುಂಡುಗಳಾದುವು. ಒಂದು ಡೈಅಮೈನೋಪ್ರೊಪಿಯಾನಿಕ್ ಆಮ್ಲ. ಇನ್ನೊಂದು, ನಾವು ಭೂತನಾಳದ ಕಡಲೆಯ ಹೊಲದಲ್ಲಿ ರುಚಿ ನೋಡಿದ ಆಕ್ಸಾಲಿಕ್ ಆಮ್ಲ. ಹೀಗೆ ತಿಳಿದ ರಚನೆಗೆ ಬೀಟಾ-ಎನ್-ಆಕ್ಸಾಲಿಲ್-ಆಲ್ಫಾ-ಬೀಟಾ-ಡೈಅಮೈನೋಪ್ರೊಪಿಯಾನಿಕ್ ಆಮ್ಲವೆಂದು ಹೆಸರಾಯಿತು. ಹೆಸರು ಉದ್ದವಾದುದರಿಂದ ಅದರ ಮೊದಲಕ್ಷರಗಳನ್ನು ಕೂಡಿಸಿ ಓಡ್ಯಾಪ್ ಎನ್ನುತ್ತಾರೆ; ನಾವೂ ಹಾಗೆಯೇ ಕರೆಯೋಣ. ಹುಟ್ಟಿದ ಮೊದಲ ದಿನದ ಕೋಳಿಮರಿಗಳಿಗೆ ಇದನ್ನು ಚುಚ್ಚಿದಾಗ ಅವುಗಳಲ್ಲಿ ನರಗಳ ಕೇಡಿನ ಲಕ್ಷಣಗಳು ಕಂಡುಬಂದುವು. ಬೆಳೆದ ಪ್ರಾಣಿಗಳಲ್ಲಿ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಯಿದ್ದು ಅದು ವಿಷವನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸುತ್ತದೆ. ಎಳೆಯ ಮರಿಗಳಲ್ಲಿ ಆ ತಡೆ ಇನ್ನೂ ಬಲಿತಿರುವುದಿಲ್ಲ. ಹಿಂದಿನವರ ಪ್ರಯೋಗಗಳು ಏಕೆ ಫಲಿಸಲಿಲ್ಲವೆಂಬುದಕ್ಕೂ ಇಲ್ಲಿ ಸಮಾಧಾನ ದೊರೆಯುತ್ತದೆ. ಈ ಶೋಧ ಪ್ರಕಟವಾದುದು ೧೯೬೪ರಲ್ಲಿ. ಅದೇ ವರ್ಷ ದೆಹಲಿ ವಿಶ್ವವಿದ್ಯಾನಿಲಯದ ಮೂರ್ತಿ, ಶೇಷಾದ್ರಿ ಮತ್ತು ವೆಂಕಿಟಸುಬ್ರಹ್ಮಣ್ಯನ್ ಅವರೂ ಸ್ವತಂತ್ರವಾಗಿ ಇದೇ ವಸ್ತುವನ್ನು ಕಂಡುಕೊಂಡರು. ೧೯೬೭ರಲ್ಲಿ ರಾವ್ ಮತ್ತು ಶರ್ಮರು ನರರೋಗತಜ್ಞ ಕೆ. ಎಸ್. ಮಣಿ ಮೊದಲಾದವರೊಡನೆ ಸೇರಿ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಓಡ್ಯಾಪನ್ನು ಸೇರಿಸಿದರೆ ಕೋತಿಗಳಿಗೂ ಇದು ವಿಷವಾಗುವುದನ್ನು ತೋರಿಸಿದರು.

ಅಣುವಿನ ವೇಷ

ಇನ್ನು ಈ ಅಣುವಿನ ಒಳಗನ್ನು ನೋಡೋಣ. ನಮ್ಮ ದೇಹದ ಪ್ರೋಟೀನುಗಳೆಲ್ಲ ೨೦ ಬಗೆಯ ಅಮೈನೋ ಆಮ್ಲಗಳಿಂದ ಹೆಣೆದವು. ಆದರೆ ಸಸ್ಯಗಳು ಪ್ರೋಟೀನಿಗೆ ಸೇರದ ನೂರಾರು ಅಮೈನೋ ಆಮ್ಲಗಳನ್ನು ಬೇರೆಯಾಗಿ ತಯಾರಿಸುತ್ತವೆ. ಸಾರಜನಕದ ಉಗ್ರಾಣವಾಗಿ ಕೆಲವು, ತಿನ್ನಬಂದ ಕೀಟವನ್ನು ಓಡಿಸಲು ಕೆಲವು. ಓಡ್ಯಾಪ್ ಈ ಗುಂಪಿನದು. ಅದರ ಒಂದು ಅಣುವಿನಲ್ಲಿ ಇಂಗಾಲದ ೫, ಜಲಜನಕದ ೮, ಸಾರಜನಕದ ೨ ಮತ್ತು ಆಮ್ಲಜನಕದ ೫ ಪರಮಾಣುಗಳಿವೆ.

ಡೈಅಮೈನೋಪ್ರೊಪಿಯಾನಿಕ್ ಆಮ್ಲವೆಂದರೆ ಮೂರು ಇಂಗಾಲಗಳ ಒಂದು ಪುಟ್ಟ ಸರಪಳಿ. ಮೊದಲನೆಯ ಇಂಗಾಲ ಆಮ್ಲದ ಗುಂಪಿಗೆ ಸೇರಿದುದು. ಮಿಕ್ಕ ಎರಡರಲ್ಲಿ, ಎಂದರೆ ಆಲ್ಫಾ ಮತ್ತು ಬೀಟಾ ಸ್ಥಾನಗಳಲ್ಲಿ, ಒಂದೊಂದು ಅಮೈನೋ ಗುಂಪಿದೆ. ಬೀಟಾ ಸ್ಥಾನದ ಅಮೈನೋ ಗುಂಪಿಗೂ ಆಕ್ಸಾಲಿಕ್ ಆಮ್ಲಕ್ಕೂ ನಡುವೆ ಒಂದು ನೀರಿನ ಅಣು ಕಳಚಿಹೋಗಿ ಎರಡೂ ಬೆಸೆದುಕೊಂಡರೆ ಓಡ್ಯಾಪ್ ಸಿದ್ಧ. ಅದೇ ಆಕ್ಸಾಲಿಕ್ ಆಮ್ಲ ಆಲ್ಫಾ ಸ್ಥಾನಕ್ಕೆ ಅಂಟಿಕೊಂಡರೆ ಹುಟ್ಟುವ ವಸ್ತುವಿನ ವಿಷಗುಣ ತೀರ ಕಡಮೆ. ಪರಮಾಣುಗಳ ಲೆಕ್ಕ ಒಂದೇ. ಜೋಡಣೆಯ ಸ್ಥಳ ಮಾತ್ರ ಬೇರೆ.

ಈ ಸ್ಥಳಭೇದಕ್ಕೆ ಇಷ್ಟೊಂದು ಬೆಲೆ ಏಕೆ? ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಕೆರಳಿಸಬೇಕಾದಾಗ ಗ್ಲುಟಾಮಿಕ್ ಆಮ್ಲವನ್ನು ದೂತನನ್ನಾಗಿ ಕಳುಹಿಸುತ್ತದೆ. ಗ್ಲುಟಾಮಿಕ್ ಆಮ್ಲಕ್ಕೆ ಎರಡು ತುದಿಗಳಲ್ಲಿಯೂ ಆಮ್ಲದ ಗುಂಪು, ಅವುಗಳ ನಡುವೆ ಮೂರು ಕೊಂಡಿ, ಒಂದು ತುದಿಯ ಪಕ್ಕದಲ್ಲಿ ಅಮೈನೋ ಗುಂಪು. ಓಡ್ಯಾಪಿಗೂ ಎರಡು ತುದಿಗಳಲ್ಲಿ ಆಮ್ಲದ ಗುಂಪು, ನಡುವೆ ನಾಲ್ಕು ಕೊಂಡಿ, ಒಂದು ತುದಿಯ ಪಕ್ಕದಲ್ಲಿ ಅಮೈನೋ ಗುಂಪು. ಒಂದೇ ಒಂದು ಕೊಂಡಿಯ ವ್ಯತ್ಯಾಸ! ಆದಕಾರಣ ನರಕೋಶದ ಮೇಲಿರುವ ಗ್ರಾಹಕಗಳು ಇದನ್ನು ತಮ್ಮ ದೂತನೆಂದೇ ತಿಳಿದು ಬಾಗಿಲು ತೆರೆಯುತ್ತವೆ. ಬಾಗಿಲು ತೆರೆದೇ ಉಳಿದರೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಒಳನುಗ್ಗುತ್ತವೆ. ಕೋಶ ಮಿತಿಮೀರಿ ಕೆರಳಿ ಕೊನೆಗೆ ಸಾಯುತ್ತದೆ. ಕಾಲಿನ ಚಲನೆಯನ್ನು ಆಳುವ ಉದ್ದನೆಯ ನರಕೋಶಗಳು ಈ ಕೇಡಿಗೆ ಮೊದಲು ಬಲಿಯಾಗುತ್ತವೆ. ಸತ್ತ ನರಕೋಶದ ಜಾಗಕ್ಕೆ ಇನ್ನೊಂದು ಹುಟ್ಟಿ ಬರುವುದಿಲ್ಲವಾದುದರಿಂದ ರೋಗ ವಾಸಿಯಾಗುವುದೂ ಇಲ್ಲ.

ಈ ಕಥೆಯ ಮುಂದಿನ ಅಧ್ಯಾಯವೂ ಬೆಂಗಳೂರಿನದೇ. ಅಲ್ಲಿಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಓಡ್ಯಾಪ್ ನರಕೋಶದ ಶಕ್ತಿ ಉತ್ಪಾದನೆಯನ್ನೂ ಕೆಡಿಸುತ್ತದೆಂದು ತಿಳಿಯಿತು. ಕೋಶದೊಳಗಿನ ಮೈಟೊಕಾಂಡ್ರಿಯಗಳಲ್ಲಿ ಉಸಿರಾಟದ ಸರಣಿಯ ಮೊದಲ ಕಿಣ್ವಸಂಕೀರ್ಣಕ್ಕೆ ಗಂಧಕ ಮತ್ತು ಜಲಜನಕಗಳ ಕೆಲವು ಗುಂಪುಗಳು ಅತ್ಯವಶ್ಯಕ. ಓಡ್ಯಾಪಿನ ಪ್ರಭಾವದಿಂದ ಅವು ಉತ್ಕರ್ಷಣಗೊಂಡು ಕಿಣ್ವ ನಿಷ್ಕ್ರಿಯವಾಗುತ್ತದೆ. ಗಂಧಕವುಳ್ಳ ಗ್ಲುಟಾಥಯಾನಿನಂಥ ವಸ್ತುಗಳನ್ನು ಮೊದಲೇ ಒದಗಿಸಿದಾಗ ಈ ಹಾನಿ ತಪ್ಪಿತು.

ವಿಷವೂ ಬಡತನವೂ

ಈ ಕೊನೆಯ ಮಾತು ಬರಿಯ ಪ್ರಯೋಗಶಾಲೆಯ ಮಾತಲ್ಲ. ಗಂಧಕವುಳ್ಳ ಅಮೈನೋ ಆಮ್ಲಗಳು ಬೇಳೆಗಳಲ್ಲಿ ಕಡಮೆ, ಧಾನ್ಯಗಳಲ್ಲಿ ಹೆಚ್ಚು. ಇಥಿಯೋಪಿಯದಲ್ಲಿ ನಡೆದ ಸಮೀಕ್ಷೆಗಳಿಂದ, ಈ ಕಾಳನ್ನು ಧಾನ್ಯದೊಡನೆ ಬೆರೆಸಿ ತಿಂದವರಲ್ಲಿ ರೋಗ ಕಡಮೆಯೆಂದು ಕಂಡುಬಂದಿತು. ರೊಟ್ಟಿಯ ಜೊತೆಗೆ ಬೇಳೆ ಎಂಬ ನಮ್ಮ ಹಿರಿಯರ ಊಟದ ಕ್ರಮ ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದುದು. ಸಾಧಾರಣವಾಗಿ, ಊಟದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಈ ಕಾಳೇ ಆಗಿ, ಎರಡು ಮೂರು ತಿಂಗಳು ಹಾಗೆಯೇ ನಡೆದಾಗ ರೋಗ ಬರುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ನೂರಕ್ಕೆ ಅರ್ಧದಷ್ಟು ಓಡ್ಯಾಪ್ ಇರುವ ಕಾಳನ್ನು ದಿನಕ್ಕೆ ೪೦೦ ಗ್ರಾಂ ತಿನ್ನುವವನ ಹೊಟ್ಟೆಗೆ ಸೇರುವ ವಿಷ ೨ ಗ್ರಾಂ. ನೂರಕ್ಕೆ ೦.೧ರಷ್ಟು ಓಡ್ಯಾಪ್ ಇರುವ ಕಾಳನ್ನು ೨೫ ಗ್ರಾಂ ಮಾತ್ರ ತಿನ್ನುವವನಿಗೆ ಸೇರುವುದು ೨೫ ಮಿಲಿಗ್ರಾಂ, ಎಂದರೆ ಮೊದಲಿನದರ ೮೦ರಲ್ಲಿ ಒಂದು ಪಾಲು. ಕಾಳು ಎರಡು ಕಡೆಯೂ ಕೇಸರಿಯೇ. ತಳಿ ಬೇರೆ, ತಟ್ಟೆ ಬೇರೆ.

ಬೇಯಿಸಿದರೆ ವಿಷ ಹೋಗದೇ ಎಂದು ಕೇಳಬಹುದು. ಓಡ್ಯಾಪ್ ಬರಿಯ ಶಾಖಕ್ಕೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಅದರ ಒಂದು ಭಾಗ ನಾವು ಮೇಲೆ ಹೇಳಿದ ಆಲ್ಫಾ ರೂಪಕ್ಕೆ ತಿರುಗುತ್ತದೆ, ಅಷ್ಟೆ. ಆದರೆ ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಬಿಸಿನೀರಿನಲ್ಲಿ ನೆನೆಹಾಕಿ ಆ ನೀರನ್ನು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಬೇಯಿಸಿ ಬಸಿದರೆ ವಿಷದ ಹೆಚ್ಚಿನ ಭಾಗ ಹೊರಟುಹೋಗುತ್ತದೆ. ನೀರಿನಲ್ಲಿ ಕರಗುವ ಕೆಲವು ಜೀವಸತ್ವಗಳೂ ಅದರೊಡನೆ ಹೋಗುತ್ತವೆ. ಉಪಾಯ ಸುಲಭವೇ. ಆದರೆ ಈ ಕಾಳನ್ನೇ ನಂಬಿ ಬದುಕಬೇಕಾದ ಕಾಲ ಯಾವುದು? ಬರಗಾಲ. ಕುಡಿಯುವ ನೀರಿಗೆ ಹರದಾರಿ ನಡೆಯಬೇಕಾದ ಮನೆಯಲ್ಲಿ ಬೇಳೆ ನೆನೆಸಿದ ನೀರನ್ನು ಮೂರು ಬಾರಿ ಚೆಲ್ಲುವವರು ಯಾರು? ಸಾಲದುದಕ್ಕೆ, ನೀರಿನ ಕೊರತೆಯಾದಾಗ ಗಿಡದಲ್ಲಿ ಓಡ್ಯಾಪಿನ ಪ್ರಮಾಣವೂ ಏರುತ್ತದೆಂದು ಕಂಡುಬಂದಿದೆ. ಹೀಗೆ ಮಳೆಯಿಲ್ಲದ ಒಂದೇ ವರ್ಷ ಕಾಳಿನಲ್ಲಿ ವಿಷವನ್ನು ಹೆಚ್ಚಿಸುತ್ತದೆ, ತಟ್ಟೆಯಲ್ಲಿ ಧಾನ್ಯವನ್ನು ಇಲ್ಲದಂತೆ ಮಾಡುತ್ತದೆ, ವಿಷವನ್ನು ತೊಳೆಯುವ ನೀರನ್ನೂ ಕಿತ್ತುಕೊಳ್ಳುತ್ತದೆ.

ನಿಷೇಧ ಮತ್ತು ಹೊಸ ತಳಿ

ಆಹಾರ ಕಲಬೆರಕೆ ತಡೆ ನಿಯಮಗಳ ಅನ್ವಯ ಕೇಸರಿ ಬೇಳೆಯ ಮಾರಾಟಕ್ಕೆ ೧೯೬೧ರಲ್ಲಿ ನಿಷೇಧ ಬಂದಿತು. ವಿಷದ ರಚನೆ ತಿಳಿಯುವುದಕ್ಕೆ ಮೂರು ವರ್ಷ ಮೊದಲೇ ಕಾನೂನು ಬಂದಿತೆಂಬುದನ್ನು ಗಮನಿಸಬೇಕು. ೨೦೧೧ರ ಆಹಾರ ಸುರಕ್ಷತೆಯ ನಿಯಮಗಳಲ್ಲಿಯೂ ನಿರ್ಬಂಧ ಮುಂದುವರಿಯಿತು. ಆದರೂ ಬೆಳೆ ನಿಲ್ಲಲಿಲ್ಲ. ಅಗ್ಗವಾದ ಈ ಬೇಳೆ ತೊಗರಿಬೇಳೆಯಲ್ಲಿಯೂ ಕಡಲೆಹಿಟ್ಟಿನಲ್ಲಿಯೂ ಬೆರೆತು ಬರುವ ಮೋಸ ಹಳೆಯದು. ಇಡಿಯ ಬೇಳೆಯಾದರೆ ಗುರುತಿಸುವುದು ಕಷ್ಟವಲ್ಲ: ತೊಗರಿಬೇಳೆ ದುಂಡಗಿದ್ದರೆ ಇದು ಒಂದು ಪಕ್ಕಕ್ಕೆ ಇಳಿಜಾರಾಗಿ, ಕೊಡಲಿಯಲ್ಲಿ ಕಡಿದಂತೆ ಮೂಲೆಮೂಲೆಯಾಗಿ ಇರುತ್ತದೆ. ಹಿಟ್ಟಾದ ಮೇಲೆ ಕಣ್ಣಿನಿಂದ ತಿಳಿಯುವುದು ಸಾಧ್ಯವಿಲ್ಲ, ಪ್ರಯೋಗಶಾಲೆಯೇ ಹೇಳಬೇಕು.

ಇತ್ತ ಕೃಷಿವಿಜ್ಞಾನಿಗಳು ವಿಷ ಕಡಮೆಯಿರುವ ತಳಿಗಳನ್ನು ಬೆಳೆಸಿದ್ದಾರೆ. ರತನ್, ಪ್ರತೀಕ್, ಮಹಾತೇವಡಾ ಎಂಬ ತಳಿಗಳಲ್ಲಿ ಓಡ್ಯಾಪ್ ನೂರಕ್ಕೆ ೦.೧ಕ್ಕಿಂತಲೂ ಕಡಮೆ. ಇವನ್ನು ಆಧರಿಸಿ ನಿಷೇಧವನ್ನು ತೆಗೆಯಬಹುದೆಂಬ ಸಲಹೆ ೨೦೧೬ರ ಹೊತ್ತಿಗೆ ಬಲವಾಗಿ ಕೇಳಿಬಂದು ದೊಡ್ಡ ಚರ್ಚೆಯಾಯಿತು. ಮಳೆಯ ಕ್ರಮ ತಪ್ಪುತ್ತಿರುವ ಈ ಕಾಲದಲ್ಲಿ ಇಷ್ಟು ಗಟ್ಟಿಯಾದ ಬೆಳೆಯನ್ನು ತಳ್ಳಿಹಾಕಬಾರದೆಂಬುದು ಒಂದು ವಾದ. ಹೊಲದಲ್ಲಿ ಹಳೆಯ ತಳಿ, ಹೊಸ ತಳಿಗಳು ಬೆರೆತರೆ ಬಡವನ ಕಾಲಿಗೆ ಹೊಣೆ ಯಾರೆಂಬುದು ಇನ್ನೊಂದು. ಎರಡರಲ್ಲಿಯೂ ನ್ಯಾಯವಿದೆ. ನಮ್ಮ ಅಭಿಪ್ರಾಯದಲ್ಲಿ, ತಳಿಯ ಶುದ್ಧತೆಯನ್ನು ಪರೀಕ್ಷಿಸುವ ಏರ್ಪಾಡು ಹಳ್ಳಿಯ ಪೇಟೆಯವರೆಗೆ ಮುಟ್ಟದ ಹೊರತು ಬಾಗಿಲನ್ನು ಪೂರ್ತಿ ತೆರೆಯುವುದು ಸಲ್ಲದು.

ಮತ್ತೆ ಭೂತನಾಳದ ಹೊಲಕ್ಕೆ ಬರೋಣ. ಈ ಸೀಮೆಗೆ ಬರ ಅಪರಿಚಿತವಲ್ಲ. ೧೮೭೬-೭೮ರ ಮಹಾಕ್ಷಾಮದಲ್ಲಿ, ವಿಜಯಪುರವನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ಬಹಳ ನೊಂದಿತು. ಇಲ್ಲಿಯ ರೈತನು ಜೋಳದ ಮಗ್ಗುಲಿಗೆ ಕಡಲೆಯನ್ನೂ ತೊಗರಿಯನ್ನೂ ಬೆಳೆದು, ರೊಟ್ಟಿಯೊಡನೆ ಜುಣಕವನ್ನು ಉಣ್ಣುತ್ತಾನೆ. ಕಡಲೆಯ ಗಿಡ ತನ್ನ ಆಕ್ಸಾಲಿಕ್ ಆಮ್ಲವನ್ನು ಎಲೆಯ ಮೇಲೆ ಹುಳಿಯಾಗಿ ಒಸರಿ ಸುಮ್ಮನಾಗುತ್ತದೆ. ಕೇಸರಿಯ ಗಿಡ ಅದನ್ನು ಅಮೈನೋ ಆಮ್ಲಕ್ಕೆ ಬೆಸೆದು ಕಾಳಿನಲ್ಲಿ ಅಡಗಿಸುತ್ತದೆ. ಗಿಡಕ್ಕೆ ಅದರಲ್ಲಿ ಯಾವ ದ್ವೇಷವೂ ಇಲ್ಲ. ಅದು ತನ್ನ ಬೀಜವನ್ನು ಕಾಯ್ದುಕೊಳ್ಳುತ್ತದೆ. ತಟ್ಟೆಯಲ್ಲಿ ಎರಡು ಮೂರು ಬಗೆಯ ಆಹಾರವಿರುವವರೆಗೆ ಆ ವಿಷ ಮನುಷ್ಯನನ್ನು ಗೆಲ್ಲಲಾರದು. ತಟ್ಟೆಯಲ್ಲಿ ಅದೊಂದೇ ಉಳಿದಾಗ ಮಾತ್ರ ಅದು ಕಾಲಿಗೆ ಬೀಳುತ್ತದೆ. ಓಡ್ಯಾಪಿನ ರಚನೆಯನ್ನು ರಸಾಯನಶಾಸ್ತ್ರ ೧೯೬೪ರಲ್ಲಿಯೇ ಬಿಡಿಸಿ ತೋರಿಸಿತು. ತಟ್ಟೆ ಬರಿದಾಗದಂತೆ ನೋಡಿಕೊಳ್ಳುವ ಕೆಲಸ ನಮ್ಮೆಲ್ಲರದು.